ಕಾಣದ ಉರಿಯ ಚರಿತ್ರೆ

ನನ್ನ ಹಿರಿಯಣ್ಣನಿಗೆ 2011ರಲ್ಲಿ ಪಾರ್ಶ್ವವಾಯು ಬಡಿಯಿತು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಲಕ್ವ. ಪುಣ್ಯಕ್ಕೆ ಮಾತು ಹೋಗಲಿಲ್ಲ. ಎಡಗೈ, ಎಡಗಾಲುಗಳ ಬಲವೂ ಎರಡು ತಿಂಗಳಲ್ಲಿ ಬಹುಪಾಲು ಮರಳಿತು. ಮನೆಯವರೆಲ್ಲ ನೆಮ್ಮದಿಯ ಉಸಿರು ಬಿಡುವ ಹೊತ್ತಿಗೆ ಅವನು ಹೊಸದೊಂದು ಸಂಕಟ ಹೇಳತೊಡಗಿದ. ಎಡಗೈ ಉರಿಯುತ್ತದೆ, ಹೊದಿಕೆ ಸೋಕಿದರೂ ತಾಳಲಾಗದು, ತಣ್ಣೀರು ಬಿದ್ದರೆ ಕೆಂಡ ಇಟ್ಟಂತಾಗುತ್ತದೆ ಎಂದ. ನೋಡಿದರೆ ಗಾಯವಿಲ್ಲ, ಬಾವಿಲ್ಲ. "ವ್ಯಾಯಾಮ ತಪ್ಪಿಸಿಕೊಳ್ಳಲು ನೆವ ಹುಡುಕಬೇಡ ಅಣ್ಣ" ಎಂದು ಗದರಿದವನು ನಾನೇ. ಹೊಟ್ಟೆನೋವೆಂದ ಎಷ್ಟೋ ಹುಡುಗರನ್ನು ತರಗತಿಯಲ್ಲಿ ಅದೇ ದನಿಯಲ್ಲಿ ಗದರಿದ್ದೆನೆಂಬುದು ಇದನ್ನು ಓದುವ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು.

ಅಂತಹ ನೋವು ನೆವವಲ್ಲವೆಂದು ವೈದ್ಯರು ಒಂದು ಶತಮಾನದ ಹಿಂದೆಯೇ ಕಂಡುಕೊಂಡಿದ್ದರು. ಚರಿತ್ರೆಯನ್ನೇ ಪಾಠ ಮಾಡಿ ಬದುಕಿದ ನನಗೆ ಈ ಚರಿತ್ರೆ ಗೊತ್ತಿರಲಿಲ್ಲ.

ನೋವು ಮೆದುಳಿನೊಳಗೇ ಹುಟ್ಟಬಲ್ಲದೇ ಎಂಬ ಪ್ರಶ್ನೆಯನ್ನು 1891ರಲ್ಲಿ ಜರ್ಮನಿಯ ಲುಡ್ವಿಗ್ ಎಡಿಂಗರ್ ಎತ್ತಿದರು. ಸ್ಪಷ್ಟವಾದ ರೋಗಚಿತ್ರ ದೊರೆತದ್ದು 1906ರಲ್ಲಿ. ಪ್ಯಾರಿಸಿನಲ್ಲಿ ಜೂಲ್ಸ್ ಡೆಜರೀನ್ ಮತ್ತು ಅವರ ಕಿರಿಯ ಸಹೋದ್ಯೋಗಿ ಗುಸ್ತಾವ್ ರೂಸಿ ಕೆಲವು ರೋಗಿಗಳ ಲಕ್ಷಣಗಳನ್ನು ಬರೆದಿಟ್ಟು, ಮರಣಾನಂತರ ಅವರ ಮೆದುಳುಗಳನ್ನು ಪರೀಕ್ಷಿಸಿದರು. ನಿಶ್ಶಕ್ತಿ ಅಲ್ಪ, ಸ್ಪರ್ಶಜ್ಞಾನ ಮಂದ, ಆದರೆ ಅದೇ ಪಾರ್ಶ್ವದಲ್ಲಿ ಯಾವ ಶಮನಕ್ಕೂ ಬಗ್ಗದ ತೀವ್ರ ನೋವು. ಪೆಟ್ಟು ಬಿದ್ದಿದ್ದುದು ಮೆದುಳಿನ ನಡುವಣ ಥಲಾಮಸ್‌ಗೆ. ದೇಹದಿಂದ ಬರುವ ಸಂವೇದನೆಗಳನ್ನೆಲ್ಲ ವಿಂಗಡಿಸಿ ಮುಂದಕ್ಕೆ ಕಳುಹಿಸುವ ಟಪಾಲು ಕಚೇರಿ ಅದೆನ್ನಬಹುದು. ಮರಗಟ್ಟಿದ ಭಾಗವೇ ಉರಿಯುವುದೆಂಬ ವಿರೋಧಾಭಾಸಕ್ಕೆ ಅಲ್ಲಿ ವಿಳಾಸ ಸಿಕ್ಕಿತು.

ಆದರೆ ಜೀವಂತ ರೋಗಿಯ ನೋವನ್ನು ಅಳೆಯುವುದು ಹೇಗೆ? ಇಲ್ಲಿ ಲಂಡನ್ನಿನ ವೈದ್ಯ ಹೆನ್ರಿ ಹೆಡ್ ಅವರ ಸಾಹಸ ನೆನೆಯಬೇಕು. ರೋಗಿಗಳ ವಿವರಣೆ ಸಾಲದೆಂದು ಅವರು 1903ರಲ್ಲಿ ತಮ್ಮ ಎಡಗೈಯ ನರವನ್ನೇ ಶಸ್ತ್ರಕ್ರಿಯೆಯಿಂದ ಕತ್ತರಿಸಿಕೊಂಡರು. ಸ್ಪರ್ಶ ಮರಳುವ ಬಗೆಯನ್ನು ವರ್ಷಗಟ್ಟಲೆ ಪರೀಕ್ಷಿಸಿದವರು ಕೇಂಬ್ರಿಜ್‌ನ ಡಬ್ಲ್ಯು. ಎಚ್. ಆರ್. ರಿವರ್ಸ್. ನಮ್ಮ ನೆರೆಯ ನೀಲಗಿರಿಗೆ ಬಂದು ತೋಡರನ್ನು ಅಧ್ಯಯನ ಮಾಡಿ, 1906ರಲ್ಲಿ ಗ್ರಂಥ ಬರೆದ ವಿದ್ವಾಂಸರು ಇವರೇ!

ಮುಂದೆ 1911ರಲ್ಲಿ ಹೆಡ್ ಮತ್ತು ಗಾರ್ಡನ್ ಹೋಮ್ಸ್ ಮೆದುಳಿಗೆ ಪೆಟ್ಟಾದವರ ಬಗ್ಗೆ ದೀರ್ಘ ಪ್ರಬಂಧ ಪ್ರಕಟಿಸಿದರು. ಅವರ ಉಪಕರಣಗಳು ಹತ್ತಿ, ಸೂಜಿ, ಬಿಸಿನೀರು ತಣ್ಣೀರಿನ ಪ್ರನಾಳಗಳು, ಶ್ರುತಿಕವೆ. ಹೆಚ್ಚುಕಡಿಮೆ ನಮ್ಮ ಶಾಲಾ ಪ್ರಯೋಗಾಲಯದ ಸಾಮಾನು. ಕ್ರಮ ಮಾತ್ರ ಕಟ್ಟುನಿಟ್ಟು: ಕಣ್ಣು ಮುಚ್ಚಿಸಿ, ಆರೋಗ್ಯವಾದ ಪಾರ್ಶ್ವವನ್ನೂ ನೊಂದ ಪಾರ್ಶ್ವವನ್ನೂ ಹೋಲಿಸುವುದು. ಅವರ ರೋಗಿಯೊಬ್ಬ ಪ್ರಾರ್ಥನಾಗೀತೆಗಳನ್ನು ಕೇಳಿದರೆ ನೊಂದ ಪಾರ್ಶ್ವಕ್ಕೆ ತಾಳಲಾಗುವುದಿಲ್ಲವೆಂದು ಆರಾಧನೆಗೆ ಹೋಗುವುದನ್ನೇ ಬಿಟ್ಟಿದ್ದನಂತೆ. ನಾನಾಗಿದ್ದರೆ ನಕ್ಕುಬಿಡುತ್ತಿದ್ದೆ. ಅವರು ಅದನ್ನು ದಾಖಲಿಸಿದರು.

1989ರಲ್ಲಿ ಸ್ವೀಡನ್ನಿನ ಬೋಯ್ವಿ ಮತ್ತು ಲೈಯೋನ್ ಇನ್ನೊಂದು ಹೆಜ್ಜೆ ಇಟ್ಟರು. ಪೆಟ್ಟು ಥಲಾಮಸ್‌ಗೇ ಬೀಳಬೇಕೆಂದಿಲ್ಲ, ಸ್ಪರ್ಶ ಮತ್ತು ಕಂಪನದ ಅರಿವು ಚೆನ್ನಾಗಿಯೇ ಇರಬಹುದು. ಈ ರೋಗಿಗಳಲ್ಲಿ ಬಹುಮಟ್ಟಿಗೆ ತಪ್ಪದೆ ಕೆಡುವುದು ಬಿಸಿ, ತಂಪು ಮತ್ತು ಚುಚ್ಚುನೋವಿನ ಅರಿವು ಎಂದು ತೋರಿಸಿದರು. ಅಮಿಟ್ರಿಪ್ಟಿಲಿನ್ ಎಂಬ ಹಳೆಯ ಔಷಧ ಈ ನೋವನ್ನು ತಗ್ಗಿಸಬಲ್ಲದೆಂದೂ ಅದೇ ವರ್ಷ ಅವರ ಪ್ರಯೋಗದಿಂದ ತಿಳಿಯಿತು. 1995ರ ಡೆನ್ಮಾರ್ಕಿನ ಅಧ್ಯಯನವೊಂದರಲ್ಲಿ ಪಾರ್ಶ್ವವಾಯುವಾದವರ ಪೈಕಿ ಶೇ. 8ರಷ್ಟು ಜನರಿಗೆ ಒಂದು ವರ್ಷದೊಳಗೆ ಇಂತಹ ನೋವು ಕಾಣಿಸಿಕೊಂಡಿತ್ತು.

ಅಣ್ಣನ ವಿಷಯಕ್ಕೆ ಬರುತ್ತೇನೆ. ಅತ್ತಿಗೆಯ ಹಟದಿಂದ ಒಬ್ಬ ನರರೋಗ ತಜ್ಞೆಯ ಬಳಿ ಹೋದೆವು. ಆಕೆ ಕಣ್ಣು ಮುಚ್ಚಿಸಿ ಹತ್ತಿ ಸೋಕಿಸಿದರು; ಅಣ್ಣ ಸರಿಯಾಗಿ ಹೇಳಿದ. ಶ್ರುತಿಕವೆಯ ಕಂಪನವನ್ನೂ ಗುರುತಿಸಿದ. ನನ್ನ ಅನುಮಾನವೇ ನಿಜವೆಂದು ಒಳಗೊಳಗೇ ಬೀಗಿದೆ. ಆಮೇಲೆ ಎರಡು ಪ್ರನಾಳಗಳು ಬಂದವು. ಬೆಚ್ಚಗಿನದು ಯಾವುದೆಂದು ಅವನಿಗೆ ತಿಳಿಯಲಿಲ್ಲ. ತಣ್ಣನೆಯದು ತಗುಲಿದೊಡನೆ "ಸುಟ್ಟಿತು!" ಎಂದು ಕೈ ಎಳೆದುಕೊಂಡ. ಕಣ್ಣು ಮುಚ್ಚಿಯೇ ಇತ್ತು. ವೈದ್ಯೆ ನನ್ನತ್ತ ತಿರುಗಿ, "ಇದು ಇವರ ಕಲ್ಪನೆಯಲ್ಲ" ಎಂದಷ್ಟೇ ಹೇಳಿದರು.

ಔಷಧದಿಂದ ನೋವು ತಗ್ಗಿತು, ಪೂರ್ತಿ ಹೋಗಲಿಲ್ಲ. ಆ ಸಂಜೆ ಮನೆಗೆ ಬಂದ ಮೇಲೆ ಅವನ ಕ್ಷಮೆ ಕೇಳಿದೆ. ಅವನು, "ಹೋಗಲಿ ಬಿಡೋ, ನಿನಗೆ ಹೇಗೆ ಗೊತ್ತಾಗಬೇಕು?" ಎಂದ.

ಮಕ್ಕಳೇ, ನಿಮ್ಮ ಮನೆಗಳಲ್ಲಿಯೂ ಹಿರಿಯರಿದ್ದಾರೆ. ಪಾರ್ಶ್ವವಾಯುವಾದ ವಾರಗಳ ಅಥವಾ ತಿಂಗಳುಗಳ ಬಳಿಕ ಅವರು ಉರಿ, ಜೋಮು, ಚಳುಕು ಎಂದರೆ ತಡಮಾಡದೆ ವೈದ್ಯರಿಗೆ ತಿಳಿಸಿ. ಪ್ರನಾಳದ ಪರೀಕ್ಷೆ ಅವರು ಮಾಡಲಿ. ಅದಕ್ಕಿಂತ ಮೊದಲು ಹೇಳುವವರನ್ನು ನಂಬುವ ಕೆಲಸ ಮನೆಯವರದು.