ಲೋಹಮಲಶೋಧನವೂ ವಿದ್ಯುತ್ಪ್ರವಾಹವೂ

ಕಬ್ಬಿಣದ ಮಲಕ್ಕೆ ಮಂಡೂರ, ಸಿಂಹಾಣ ಎಂಬ ಹೆಸರುಗಳನ್ನು ಅಮರಕೋಶವು ಹೇಳುತ್ತದೆ. ಕನ್ನಡದಲ್ಲಿ ಕಬ್ಬಿಣಕ್ಕೆ ಹಿಡಿಯುವುದು ತುಕ್ಕು; ತಾಮ್ರಕ್ಕೆ ಹಿಡಿಯುವುದು ಕಿಲುಬು. ಮಲವೆಂಬುದು ಹೊರಗಿನಿಂದ ಬಂದು ಅಂಟಿದ ಕಶ್ಮಲ, ಅದನ್ನು ತಿಕ್ಕಿ ತೆಗೆದರೆ ಒಳಗಿನ ಲೋಹವು ಶುದ್ಧವಾಗಿ ತೋರುವುದು ಎಂಬುದೇ ಲೋಕರೂಢಿ. ಹುಣಿಸೆಹಣ್ಣು, ಬೂದಿಗಳ ಪ್ರಯೋಗವು ಈ ರೂಢಿಯನ್ನನುಸರಿಸಿದುದು. ಆದರೆ ತುಕ್ಕು ಅನ್ಯಪದಾರ್ಥವಲ್ಲ. ಗಾಳಿ ನೀರುಗಳ ಸಂಯೋಗದಿಂದ ಕಬ್ಬಿಣವೇ ಹೊಂದಿದ ವಿಕಾರ. ತಿಕ್ಕಿದಷ್ಟೂ ವಸ್ತುವೇ ಸವೆಯುವುದು.

ಈ ತತ್ತ್ವವು ಶೋಧನಕ್ರಮದಲ್ಲಿ ಫಲಿಸಿದುದು ಹತ್ತೊಂಬತ್ತನೆಯ ಶತಮಾನದಲ್ಲಿ. 1800ರಲ್ಲಿ ಇಟಲಿಯ ವೋಲ್ಟನು ವಿದ್ಯುತ್ಕೋಶವನ್ನು ಪ್ರಕಟಿಸಿದನು. ಅದೇ ವರ್ಷ ಇಂಗ್ಲೆಂಡಿನ ನಿಕಲ್ಸನ್ ಮತ್ತು ಕಾರ್ಲೈಲರು ಅದರಿಂದ ನೀರನ್ನು ವಿಭಜಿಸಿದರು. 1833-34ರಲ್ಲಿ ಫ್ಯಾರಡೆಯು ಇಂತಹ ವಿಭಜನೆಯ ನಿಯಮಗಳನ್ನು ನಿರೂಪಿಸಿದನು. ಇದನ್ನು ಪ್ರಾಚೀನವಸ್ತುಗಳ ರಕ್ಷಣೆಗೆ ತಿರುಗಿಸಿದ ಕೀರ್ತಿಯ ಬಹುಭಾಗವು ಬರ್ಲಿನ್ ನಗರಕ್ಕೆ ಸಲ್ಲುತ್ತದೆ. ಅಲ್ಲಿಯ ರಾಜಕೀಯ ವಸ್ತುಸಂಗ್ರಹಾಲಯಗಳ ರಸಾಯನಶಾಲೆಗೆ 1888ರಲ್ಲಿ ಫ್ರೀಡ್ರಿಖ್ ರಾಟ್‌ಗೆನ್ ಅಧಿಕಾರಿಯಾದನು. ಫಿಂಕೆನರನ ವಿದ್ಯುತ್ಕ್ರಮವನ್ನೂ, ಸತುವನ್ನು ಕಾಸ್ಟಿಕ್ ಸೋಡಾದಲ್ಲಿ ಸೇರಿಸುವ ಕ್ರೆಫ್ಟಿಂಗನ ಕ್ರಮವನ್ನೂ ಅವನು ಬಳಸಿ, 1898ರಲ್ಲಿ ಗ್ರಂಥಸ್ಥಗೊಳಿಸಿದನು. ಅದರ ಆಂಗ್ಲಾನುವಾದವು 1905ರಲ್ಲಿ ಹೊರಬಂದಿತು. ದಕ್ಷಿಣದೇಶದಲ್ಲಿ, 1930ರಲ್ಲಿ ಮದರಾಸಿನ ಸರಕಾರೀ ವಸ್ತುಸಂಗ್ರಹಾಲಯವು ಸ್ಥಾಪಿಸಿದ ರಸಾಯನಶಾಲೆಯಲ್ಲಿ ಎಸ್. ಪರಮಶಿವನ್ನರು ಕಂಚಿನ ವಿಗ್ರಹಗಳ ಕಿಲುಬನ್ನು ಈ ಮಾರ್ಗದಿಂದಲೇ ಕಳೆದರು.

ಕ್ರಮವು ಸರಳವಾದುದರಿಂದ ಇಂದು ಮನೆಯ ಹಿತ್ತಿಲಿಗೂ ಬಂದಿದೆ. ತೊಟ್ಟಿಯಲ್ಲಿ ಬಟ್ಟೆಸೋಡಾ ಕರಗಿದ ನೀರು. ಅದರಲ್ಲಿ ತುಕ್ಕುಹಿಡಿದ ವಸ್ತು. ಅದನ್ನು ಮುಟ್ಟದಂತೆ ನಿಲ್ಲಿಸಿದ ಸಾದಾ ಕಬ್ಬಿಣದ ತಗಡು. ಬ್ಯಾಟರಿಯ ಋಣಧ್ರುವವು ವಸ್ತುವಿಗೆ, ಧನಧ್ರುವವು ತಗಡಿಗೆ. ವಸ್ತುವಿನ ಮೇಲೆ ಜಲಜನಕದ ಗುಳ್ಳೆಗಳೆದ್ದು ತುಕ್ಕು ಸಡಿಲುವುದು. ಅದರಲ್ಲಿ ಕೆಲಭಾಗವು ಕರಿಯ ಆಕ್ಸೈಡಾಗಿ ಮಾರ್ಪಡುವುದು. ಜಲಜನಕವು ಹೊತ್ತಿಕೊಳ್ಳುವ ಅನಿಲವಾದುದರಿಂದ ಬಯಲಿನಲ್ಲಿಯೇ, ಬೆಂಕಿಯಿಂದ ದೂರದಲ್ಲಿ ಈ ಕೆಲಸ ನಡೆಯಬೇಕು. ತುಕ್ಕುಹಿಡಿಯದ ಉಕ್ಕಿನ ತಗಡನ್ನಿಟ್ಟರೆ ವಿಷಕರವಾದ ಕ್ರೋಮಿಯಂ ನೀರಿಗಿಳಿಯುವುದು.

ವಿದ್ಯುತ್ತಿನ ಮುಖ್ಯೋಪಕಾರವು ಹೊಳಪಲ್ಲವೆಂಬುದಕ್ಕೆ ಕ್ಯಾಪ್ಟನ್ ಕುಕ್ಕನ 'ಎಂಡೆವರ್' ನೌಕೆಯ ಫಿರಂಗಿಗಳೇ ದೃಷ್ಟಾಂತ. 1770ರ ಜೂನ್ ತಿಂಗಳಲ್ಲಿ ಆಸ್ಟ್ರೇಲಿಯದ ಹವಳದ ದಿಬ್ಬಕ್ಕೆ ನೌಕೆ ಸಿಕ್ಕಿಬಿದ್ದಾಗ, ಭಾರವಿಳಿಸಲು ಆರು ಫಿರಂಗಿಗಳನ್ನು ಸಮುದ್ರಕ್ಕೆ ಎಸೆದರು. 1969ರಲ್ಲಿ ಅವು ಹವಳದ ಕವಚದೊಳಗೆ ದೊರೆತವು. ಎರಕದ ಕಬ್ಬಿಣವು ಉಪ್ಪುನೀರಿನಲ್ಲಿ ದೀರ್ಘಕಾಲವಿದ್ದರೆ ಹೊರಪದರದ ಲೋಹವು ಕರಗಿಹೋಗಿ, ಆಕಾರವನ್ನು ಹಿಡಿದಿರುವ ಮೆದು ಗ್ರಾಫೈಟು ಮಾತ್ರ ಉಳಿಯುವುದು. ತಿಕ್ಕಿದರೆ ಅದರ ಮೇಲಣ ಮುದ್ರೆ, ಅಂಕಿಗಳು ಅಳಿಯುವುವು. ಹಾಗೆಯೇ ಒಣಗಿಸಿದರೆ ಒಳಗಿನ ಲವಣವು ಅದನ್ನು ಬಿರಿಯಿಸುವುದು. ಆದುದರಿಂದ ಅವುಗಳನ್ನು ಕ್ಷಾರಜಲದಲ್ಲಿಟ್ಟು ಪ್ರವಾಹವನ್ನು ಹರಿಸಿದರು. ಲವಣದ ಕ್ಲೋರೈಡು ಧನಧ್ರುವದ ಕಡೆಗೆ ಸರಿದು ಹೊರಬಂದಿತು, ಆಕಾರವು ಉಳಿಯಿತು.

ಶಾಸನದ ಅಕ್ಷರವೂ ವಿಗ್ರಹದ ರೇಖೆಯೂ ಎಷ್ಟೋ ವೇಳೆ ಮಲದ ಪದರದಲ್ಲಿಯೇ ನೆಲೆಸಿರುವುವು. ಅಂತಹ ಪ್ರಾಚೀನವಸ್ತುವಿಗೆ ಹಿತ್ತಿಲ ತೊಟ್ಟಿಯು ತಕ್ಕುದಲ್ಲ. ಉಳಿ ಸುತ್ತಿಗೆಗಳಿಗೆ ಅದು ತಕ್ಕುದು. ಯಾವುದನ್ನು ತೆಗೆಯಬೇಕು, ಯಾವುದನ್ನು ಉಳಿಸಬೇಕು ಎಂಬ ವಿವೇಕವು ಪ್ರವಾಹಕ್ಕಿಲ್ಲ, ಅದು ಶೋಧಕನಲ್ಲಿರಬೇಕಾದುದು.