ಸೀಲಿಯಾಕ್ ರೋಗ ಮತ್ತು ಗೋಧಿ: ಒಂದು ಶೋಧದ ಕಾಲನಿರ್ಣಯ

ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವ ರೋಗಗಳಲ್ಲಿ, ಹೊರಗಿನ ಪ್ರಚೋದಕ ಇಂಥದೇ ಎಂದು ಖಚಿತವಾಗಿ ತಿಳಿದಿರುವವು ವಿರಳ. ಸೀಲಿಯಾಕ್ ಅವುಗಳಲ್ಲೊಂದು. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಆನುವಂಶಿಕ ಒಲವುಳ್ಳವರಲ್ಲಿ ಸಣ್ಣಕರುಳಿನ ಒಳಪದರದ ಹಾನಿಗೆ ಕಾರಣವಾಗುತ್ತದೆ.

ಇದರ ಶೋಧವನ್ನು ನೆದರ್ಲೆಂಡ್ಸಿನ 1944-45ರ ‘ಹಸಿವಿನ ಚಳಿಗಾಲ’ದೊಂದಿಗೆ ಜೋಡಿಸುವುದು ವಾಡಿಕೆ. ಬ್ರೆಡ್ಡು ಸಿಗದಾಗ ರೋಗಿಗಳಾಗಿದ್ದ ಮಕ್ಕಳು ಚೇತರಿಸಿಕೊಂಡರು, ಅದು ಮರಳಿದಾಗ ಮತ್ತೆ ನರಳಿದರು; ಹೇಗ್ ನಗರದ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕೆ ಅದನ್ನು ಕಂಡು ಗೋಧಿಯನ್ನು ಗುರುತಿಸಿದರು ಎಂಬುದು ಪ್ರಚಲಿತ ಕಥನ. ಕಥನವೇನೋ ಸೊಗಸಾಗಿದೆ, ಕಾಲಕ್ರಮ ಅದಕ್ಕೆ ಒಪ್ಪುವುದಿಲ್ಲ. ಡಿಕೆ ಗೋಧಿರಹಿತ ಪಥ್ಯವನ್ನು 1930ರ ದಶಕದಲ್ಲಿಯೇ ಪ್ರಯೋಗಿಸಿದ್ದರು. ಬ್ರೆಡ್ಡು, ರಸ್ಕುಗಳನ್ನು ವರ್ಜಿಸುವ ಪಥ್ಯದ ಬಗ್ಗೆ 1941ರಲ್ಲಿ ಲೇಖನವನ್ನೂ ಪ್ರಕಟಿಸಿದ್ದರು. ಕ್ಷಾಮವು ಅವರ ಊಹೆಗೆ ಪುಷ್ಟಿ ನೀಡಿರಬಹುದು, ಜನ್ಮ ನೀಡಲಿಲ್ಲ. ಪುರಾವೆ ದೊರೆತದ್ದು ಗೋಧಿಯನ್ನು ಕೊಟ್ಟು, ನಿಲ್ಲಿಸಿ, ಮಕ್ಕಳ ಮಲದಲ್ಲಿನ ಕೊಬ್ಬನ್ನು ತಾಳ್ಮೆಯಿಂದ ಅಳೆದ ಪ್ರಯೋಗಗಳಿಂದ. ಯೂಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ 1950ರ ಮಹಾಪ್ರಬಂಧದಲ್ಲಿ ಅದು ದಾಖಲಾಗಿದೆ.

ರೋಗದ ಸ್ವರೂಪ ಸ್ಪಷ್ಟವಾದದ್ದು ಬಹಳ ತಡವಾಗಿ. ರೋಗಿಗಳ ಪ್ರತಿಕಾಯಗಳು ಟಿಶ್ಯೂ ಟ್ರಾನ್ಸ್‌ಗ್ಲುಟಾಮಿನೇಸ್ ಎಂಬ, ದೇಹದ್ದೇ ಆದ ಕಿಣ್ವವನ್ನು ಗುರಿಯಾಗಿಸುತ್ತವೆಂದು ಜರ್ಮನಿಯ ಸಂಶೋಧಕರು 1997ರಲ್ಲಿ ತೋರಿಸಿದರು. ಗ್ಲುಟೆನ್ ವರ್ಜಿಸಿದವರಲ್ಲಿ ಆ ಪ್ರತಿಕಾಯಗಳೂ ಸಾಮಾನ್ಯವಾಗಿ ಕ್ರಮೇಣ ಇಳಿಯುತ್ತವೆ.