ಗೋಮುಖ ನಿಂತಲ್ಲೇ ನಿಂತಿತೆ? ಗಂಗೋತ್ರಿ ಹಿಮನದಿಯ ಅಳತೆಯ ಬಗೆಗೆ ಒಂದು ತಕರಾರು

2009ರಲ್ಲಿ ಕೇಂದ್ರ ಪರಿಸರ ಮತ್ತು ಅರಣ್ಯ ಸಚಿವಾಲಯ ಪ್ರಕಟಿಸಿದ ಚರ್ಚಾಪತ್ರದಲ್ಲಿ ಭೂವಿಜ್ಞಾನಿ ವಿ.ಕೆ. ರೈನಾ ಅವರು, ಹಿಮಾಲಯದ ಹಿಮನದಿಗಳು ಅಸಹಜವಾಗಿ ಹಿಂದೆ ಸರಿಯುತ್ತಿವೆ ಎನ್ನಲು ಆಧಾರ ಸಾಲದು ಎಂದು ವಾದಿಸಿದರು. ಗಂಗೋತ್ರಿ ಹಿಮನದಿಯ ಮೂತಿ, ಅಂದರೆ ಅದರ ಕೆಳತುದಿಯಾದ ಗೋಮುಖ, 2007ರಿಂದ 2009ರ ನಡುವೆ ಹೆಚ್ಚುಕಡಿಮೆ ನಿಂತಲ್ಲೇ ಇತ್ತೆಂಬುದು ಅವರು ಮುಂದಿಟ್ಟ ಸಾಕ್ಷ್ಯಗಳಲ್ಲೊಂದು. ಆ ಅಳತೆಯನ್ನು ನಾನು ಒಪ್ಪುತ್ತೇನೆ. ಅದರಿಂದ ಹೊರಡಿಸಿದ ತೀರ್ಮಾನವನ್ನು ಒಪ್ಪಲಾರೆ.

ವಿವಾದವಿಲ್ಲದ ಸಂಗತಿಗಳು ಇಷ್ಟು. ಶಿವಲಿಂಗ (6543 ಮೀ.) ಮತ್ತು ಭಾಗೀರಥಿ ಶಿಖರಗಳ ಬುಡದಲ್ಲಿ ಹಾಯುವ ಈ ಹಿಮನದಿ ಸುಮಾರು 30 ಕಿ.ಮೀ. ಉದ್ದವಿದೆ. ಅದರ ಮೂತಿಯ ನಕ್ಷೆಯನ್ನು ಭೂವಿಜ್ಞಾನಿ ಜೆ.ಬಿ. ಆಡೆನ್ 1935ರಲ್ಲೇ ತಯಾರಿಸಿದ್ದರು. 1965ರಿಂದ 2006ರವರೆಗೆ ಮೂತಿ 819 ಮೀಟರ್ ಹಿಂದೆ ಸರಿದಿದೆ. 2035ರೊಳಗೆ ಹಿಮಾಲಯದ ಹಿಮನದಿಗಳು ಇಲ್ಲವಾಗುತ್ತವೆಂಬ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ಮಾತು ತಪ್ಪೆಂದು 2010ರಲ್ಲಿ ಆ ಸಂಸ್ಥೆಯೇ ಒಪ್ಪಿಕೊಂಡಿತು. ಆ ಮಟ್ಟಿಗೆ ರೈನಾ ಅವರ ಎಚ್ಚರಿಕೆ ನ್ಯಾಯವಾದದ್ದು.

ಇನ್ನು ತಕರಾರಿನ ವಿಷಯ. ವಾರಣಾ ನದಿಯ ಚಾಂದೋಲಿ ಜಲಾಶಯದಲ್ಲಿ ಎಷ್ಟು ನೀರಿದೆಯೆಂದು ಆ ನದಿಯ ದಂಡೆಯ ದಾನೋಳಿ ಊರಿನ ರೈತ ಕೇಳಿದಾಗ, ದಂಡೆಯ ಒಂದು ತುದಿ ಎಲ್ಲಿದೆಯೆಂದು ಹೇಳಿದರೆ ಆಗದು, ಆಳವನ್ನೂ ಹೇಳಬೇಕು. ಹಿಮನದಿಯ ಲೆಕ್ಕವೂ ಹಾಗೆಯೇ. ಗಂಗೋತ್ರಿಯ ಕೆಳಭಾಗವನ್ನು ಕಲ್ಲುಮಣ್ಣು ಮುಚ್ಚಿಕೊಂಡಿದೆ. ತೆಳುವಾದ ಮಣ್ಣು ಬಿಸಿಲನ್ನು ಹೀರಿ ಹಿಮವನ್ನು ಬೇಗ ಕರಗಿಸುತ್ತದೆ. ದಪ್ಪ ಹೊದಿಕೆ ಬಿಸಿಯನ್ನು ತಡೆಯುತ್ತದೆ. ಹೀಗಾಗಿ ಹೊದಿಕೆ ದಪ್ಪವಾಗಿರುವ ಮೂತಿ ಅಲ್ಲಾಡದೆ ಉಳಿದಿರುವಾಗಲೇ, ಮೇಲಿನ ಭಾಗ ವರ್ಷವರ್ಷಕ್ಕೂ ಸೊರಗುತ್ತ ಬರಬಹುದು. ಹಿಮ ತೆಳುವಾದಷ್ಟೂ ಅದರ ಹರಿವು ನಿಧಾನವಾಗುತ್ತದೆ, ಕೆಳಕ್ಕೆ ಬರುವ ಪೂರೈಕೆ ತಗ್ಗುತ್ತದೆ. ಆ ಸ್ಥಿತಿಯಲ್ಲಿ ಸ್ಥಿರವಾಗಿ ಕಾಣುವ ಮೂತಿಯನ್ನು ಆರೋಗ್ಯದ ಗುರುತೆಂದು ಎಣಿಸಲು ಬಾರದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗಂತಾಯತ್, ಅನಿಲ್ ಕುಲಕರ್ಣಿ, ಜೆ. ಶ್ರೀನಿವಾಸನ್ ಅವರು 2014ರಲ್ಲಿ ಪ್ರಕಟಿಸಿದ ಅಧ್ಯಯನ ಈ ಆಳದ ಪ್ರಶ್ನೆಗೇ ಕೈಹಾಕಿತು. ಉಪಗ್ರಹ ಚಿತ್ರಗಳಿಂದ ಹಿಮದ ವೇಗ ಮತ್ತು ಇಳಿಜಾರನ್ನು ತೆಗೆದು ಅವರು ದಪ್ಪವನ್ನು ಲೆಕ್ಕ ಹಾಕಿದರು: ಮೇಲ್ಭಾಗದಲ್ಲಿ ಸುಮಾರು 540 ಮೀಟರ್, ಮೂತಿಯ ಹತ್ತಿರ ಸುಮಾರು 50ರಿಂದ 60 ಮೀಟರ್, ಒಟ್ಟು ಹಿಮ 23.2 ಘನ ಕಿಲೋಮೀಟರ್. ಹಿಮದ ದಾಸ್ತಾನು ಇರುವುದು ಮೇಲೆ, ಮೂತಿಯ ಹತ್ತಿರವಲ್ಲ. ಮೂತಿಯನ್ನಷ್ಟೇ ನೋಡುವವನು ಹಿಮನದಿಯ ಅತಿ ತೆಳುವಾದ ತುದಿಯಿಂದ ಇಡೀ ದಾಸ್ತಾನಿನ ಗತಿಯನ್ನು ನಿರ್ಣಯಿಸುತ್ತಾನೆ.

ಆದರೂ ನನ್ನ ವಾದಕ್ಕೆ ಮಿತಿಗಳಿವೆ. ಮೇಲಿನ ಮೊತ್ತದಲ್ಲೇ 4.2 ಘನ ಕಿ.ಮೀ.ನಷ್ಟು ಏರುಪೇರಿಗೆ ಅವಕಾಶವಿದೆ. ತಳದಲ್ಲಿ ಹಿಮ ಎಷ್ಟು ಜಾರುತ್ತದೆಂಬ ಊಹೆ ಬದಲಾದರೆ ದಪ್ಪವೂ ಬದಲಾಗುತ್ತದೆ. ಒಂದು ಸಲದ ಲೆಕ್ಕ ದಾಸ್ತಾನನ್ನು ಹೇಳುತ್ತದೆಯೇ ಹೊರತು ಸವಕಳಿಯನ್ನಲ್ಲ. ಮೂತಿಯ ಎರಡು ವರ್ಷಗಳ ನಿಲುಗಡೆ ಹಿಮ ಸೊರಗಿದ್ದರ ಪರಿಣಾಮವೆಂದು ಸಾಧಿಸಲು ನನ್ನಲ್ಲೂ ನೇರ ಪುರಾವೆಯಿಲ್ಲ. ಚಳಿಗಾಲದ ಹೆಚ್ಚಿನ ಹಿಮಪಾತವೂ ಕಾರಣವಿರಬಹುದು. ನಿಲುಗಡೆಯಿಂದ ಕ್ಷೇಮವನ್ನು ಸಾಧಿಸಲಾಗದು ಎಂಬುದಷ್ಟೇ ನನ್ನ ವಾದ.

ಈ ತಕರಾರು ಎಲ್ಲ ನದಿಗಳಿಗೂ ಸಂಬಂಧಿಸಿದ್ದಲ್ಲ. ಕೃಷ್ಣೆ, ಪಂಚಗಂಗೆ, ಹಿರಣ್ಯಕೇಶಿಗಳು ಸಹ್ಯಾದ್ರಿಯ ಮಳೆಯ ನದಿಗಳು; ಗೋಮುಖದ ಲೆಕ್ಕ ಅವುಗಳಿಗೆ ತಾಗುವುದಿಲ್ಲ. ಗೋಮುಖದಿಂದ ಹೊರಡುವ ಭಾಗೀರಥಿ ನದಿಯ ಬೇಸಿಗೆ ಹರಿವಿಗೆ ಅದು ತಾಗುತ್ತದೆ. 2014ರ ಅಧ್ಯಯನದ ವಿಧಾನದಿಂದಲೇ ಗಂಗೋತ್ರಿಯ ದಪ್ಪವನ್ನು ನಿಯತ ಅಂತರದಲ್ಲಿ ಮತ್ತೆ ಮತ್ತೆ ಅಳೆದು ಹೋಲಿಸುವ ಕೆಲಸವನ್ನು ಸಂಶೋಧಕರು ಕೈಗೆತ್ತಿಕೊಳ್ಳಬೇಕು. ಅಲ್ಲಿಯವರೆಗೆ ಈ ಪ್ರಶ್ನೆ ತೆರೆದೇ ಇರುತ್ತದೆ.